ಎಡೆಯ ಮೇಲಿನ ಜಹಾಂಗೀರು

ಮಹಾಜನಗಳೇ, ಸತ್ತ ಗೆಳೆಯನ ಎಡೆಯಿಂದ ಜಹಾಂಗೀರು ತಿಂದು ನಾನು ಇವತ್ತು ಬದುಕಿಕೊಂಡೆ.

ಅಕ್ಕಿಹೆಬ್ಬಾಳಿನಲ್ಲಿ ನನ್ನ ನಾಟಕದ ಜೊತೆಗಾರನ ತಿಥಿ. ಅವನು ಭೀಮ, ನಾನು ದುರ್ಯೋಧನ. ಸಕ್ಕರೆ ಕಾಯಿಲೆ ಮಾತ್ರ ಇಬ್ಬರಿಗೂ ಸಮಪಾಲು. ಶ್ರೀರಂಗಪಟ್ಟಣದಿಂದ ಹೊರಟ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಾಗಲೇ ಜೇಬಿನ ಬಿಸ್ಕತ್ತು ಮುಗಿದಿತ್ತು. "ಎಡೆ ಇಟ್ಟು ಬಂದೇಟ್ಗೆ ಊಟ" ಎಂದು ಮನೆಯವರು ಹೇಳಿದ್ದನ್ನು ನಂಬಿ, ಇನ್ಸುಲಿನ್ ಚುಚ್ಚಿಕೊಂಡು ಹೊಳೆಯ ಪಕ್ಕದ ಸಮಾಧಿಗೆ ಎಲ್ಲರೊಡನೆ ನಡೆದೆ.

ಎಡೆ ಇಟ್ಟರು. ಕಾಗೆ ಬರಲೇ ಇಲ್ಲ. ಜನವೆಲ್ಲ ಆಕಾಶ ನೋಡುತ್ತ ನಿಂತರು. ನನಗೆ ಬೆವರು ಕಿತ್ತುಕೊಂಡು ಬಂತು, ಕೈ ನಡುಗಿತು, ಕಣ್ಣು ಕತ್ತಲಿಟ್ಟು ಕುಸಿದು ಕೂತೆ. "ಶುಗರ್ ಇಳೀತಾ ಅದೆ, ಸಿಹಿ ಏನಾರ ಕೊಡಿ" ಎಂದೆ. ಅಲ್ಲಿದ್ದ ಸಿಹಿಯೆಲ್ಲ ಎಡೆಯ ಮೇಲೆಯೇ.

ಗೆಳೆಯನ ಹೆಂಡತಿ ಎಲೆಗೆ ಕೈ ಹಾಕಿದರು. ಹಿರಿಯರೊಬ್ಬರು ತಡೆದರು. "ಕಾಗೆ ಮುಟ್ಟೋಗಂಟ ತಗೀಬಾರ್ದು ಕಣವ್ವ. ಸತ್ತೋನು ಉಪವಾಸ ಇರ್ತಾನೆ."

"ಸತ್ತೋರು ಕಾಯ್ತಾರೆ ದೊಡ್ಡಪ್ಪ. ಇವ್ರ ಕೈಲಿ ಕಾಯಕ್ಕಾಗಕಿಲ್ಲ" ಎಂದು ಆಕೆ ಜಹಾಂಗೀರನ್ನು ಮುರಿದು ನನ್ನ ಬಾಯಿಗಿಟ್ಟರು. "ನುಂಗಣ್ಣ. ಇನ್ನೊಂದ್ ತಿಥಿ ನೋಡಕ್ಕೆ ನನ್ ಕೈಲಾಗಕಿಲ್ಲ."

ಸ್ವಲ್ಪ ಹೊತ್ತಿಗೆ ನಡುಕ ನಿಂತಿತು. ಹಿರಿಯರು ತಮ್ಮ ಟವೆಲಿನಿಂದ ನನಗೆ ಗಾಳಿ ಬೀಸುತ್ತಿದ್ದರು.

ಬದುಕಿದ್ದಾಗ ಅವನ ಕೈಯಿಂದ ಸಿಹಿ ಕಿತ್ತುಕೊಳ್ಳುತ್ತಿದ್ದವನು ನಾನೇ. ಸತ್ತ ಮೇಲಾದರೂ ಒಂದು ಇಡೀ ಜಹಾಂಗೀರು ಅವನಿಗೆ ದಕ್ಕಲು ನಾನು ಬಿಡಲಿಲ್ಲ.