ಬರಿಗೈ ಕೋಡಂಗಿ

ಪೋನಿಮಾನ್ ಚಿಕ್ಕವನಿದ್ದಾಗ ಬೂರುಗದ ಮರದಿಂದ ಬಿದ್ದು ಬಲಗಾಲು ಮುರಿದುಕೊಂಡ. ಮೂಳೆ ಕೂಡಿಸಿದ ಮುದುಕನ ಕೈಗುಣವನ್ನು ಊರೆಲ್ಲ ಹೊಗಳುತ್ತಿತ್ತು. ಆ ದಿನ ಆ ಕೈಗುಣ ಎಲ್ಲಿಗೆ ಹೋಗಿತ್ತೋ, ಕಾಲು ಒಂದಿಷ್ಟು ಗಿಡ್ಡವಾಗಿಯೇ ಕೂಡಿಕೊಂಡಿತು. ಜೊಂಬಾಂಗ್ ಸೀಮೆಯ ಆ ಊರಲ್ಲಿ ಗಂಡಸರಿಗೆಲ್ಲ ಸಕ್ಕರೆ ಕಾರ್ಖಾನೆ, ಇಲ್ಲವೇ ಕಬ್ಬಿನ ಗದ್ದೆ. ಹೊರೆ ಹೊರಲಾಗದ ಹುಡುಗನನ್ನು ಯಾರು ಕರೆಯುತ್ತಾರೆ? ಮೀಸೆ ಮೂಡುವ ಹೊತ್ತಿಗೆ ಅವನು ಊರಿಗೆ ಬಂದ ಲುದ್ರುಕ್ ನಾಟಕದ ಮೇಳವೊಂದರ ಬೆನ್ನು ಹತ್ತಿ ಹೊರಟೇಬಿಟ್ಟ. ಅಲ್ಲಿ ಅವನಿಗೆ ಸಿಕ್ಕಿದ್ದು ದೀಪಕ್ಕೆ ಗಾಳಿ ಹೊಡೆಯುವ ಕೆಲಸ.

ಒಂದು ಆಟದಲ್ಲಿ, ತಾಯಿಯ ವೇಷದ ಗಂಡಸು ಮಗನ ಹೆಣದ ಮುಂದೆ ಎದೆ ಬಡಿದುಕೊಂಡು ಅಳುತ್ತಿದ್ದಾಗ, ಪೆಟ್ರೋಮ್ಯಾಕ್ಸ್ ಮಂಕಾಯಿತು. ಪೋನಿಮಾನ್ ಬೇರೊಂದು ದೀಪ ಹಿಡಿದು ರಂಗಕ್ಕೆ ಬಂದವನು ಮುಗ್ಗರಿಸಿದ. ದೀಪ ಉಳಿಯಿತು, ಅಳು ಕೆಟ್ಟಿತು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಹೆಣವೂ ನಕ್ಕಿತು. ಇನ್ನು ಮನೆಗೆ ನಡೆಯುವುದೇ ಗತಿ ಎಂದುಕೊಂಡು ಪೋನಿಮಾನ್ ಪರದೆಯ ಹಿಂದೆ ನಿಂತಿದ್ದರೆ, ಯಜಮಾನ ಬಂದು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ನಾಳೇನೂ ಬೀಳ್ತೀಯಾ?"

"ಬೀಳ್ತೀನಿ."

"ಹಂಗಾದ್ರೆ ದೀಪ ಬೇರೆಯವನು ಹಿಡೀಲಿ."

ಅಂದಿನಿಂದ ಅವನು ಡಿಂಕ್ಲಾಂಗ್ ಆದ. ಅವರ ಮಾತಿನಲ್ಲಿ ಹಾಗೆಂದರೆ ಕುಂಟ. ಆ ಹೆಸರಿನಿಂದಲೇ ಮದುವೆಯಾದ, ತಲೆ ನರೆಯಿತು. ಟೀವಿ ಮನೆಮನೆಗೆ ಬಂದು ಮೇಳ ಮುಚ್ಚಿದ ಮೇಲೆ ಹೆಂಡತಿ ಸುಮಿರಾಳ ಜೊತೆ ತಳ್ಳುಗಾಡಿಯಲ್ಲಿ ತಾಹು ಎಂಬ ಸೋಯಾ ಪನೀರು ಕರಿಯತೊಡಗಿದ. ಬಾಣಲೆಯ ಮುಂದೆ ನಿಂತವನ ಕಾಲನ್ನು ಯಾರೂ ನೋಡುತ್ತಿರಲಿಲ್ಲ, ಯಾರೂ ನಗುತ್ತಲೂ ಇರಲಿಲ್ಲ.

ಶಾಲೆಯ ಮೇಡಂ ಬು ಹರ್ತಾತಿ ಒಂದು ಸಂಜೆ ತಾಹು ಕಟ್ಟಿಸಿಕೊಳ್ಳುತ್ತ ವಿಷಯ ತೆಗೆದರು. "ಚಾಕ್, ವರ್ಷದ ಕೊನೇಲಿ ಮಕ್ಕಳ ಕಾರ್ಯಕ್ರಮ ಇದೆ. ಪ್ರತಿ ಸಲ ಟೀವೀಲಿ ನೋಡಿದ್ದನ್ನೇ ಕುಣೀತಾರೆ, ನೋಡಿ ನೋಡಿ ಸಾಕಾಗಿದೆ. ನೀವು ಸ್ವಲ್ಪ ಕೋಡಂಗಿ ಆಟ ಕಲಿಸ್ತೀರಾ?"

ಊರಲ್ಲಿ ಹಿರಿಯ ಗಂಡಸರನ್ನೆಲ್ಲ ಚಾಕ್ ಎಂದೇ ಕರೆಯುವುದು. ಪೋನಿಮಾನ್ ಉತ್ತರಿಸುವ ಮೊದಲೇ ಸುಮಿರಾ ಸೌಟು ತಿರುಗಿಸುತ್ತ ಅಂದಳು, "ಕರ್ಕೊಂಡು ಹೋಗಿ ಮೇಡಂ. ಇಲ್ಲಿ ಬರೀ ಹಸಿಮೆಣಸಿನಕಾಯಿ ಜೊತೆ ಮಾತಾಡ್ತಾ ಇರ್ತಾರೆ."

ಶುಕ್ರವಾರ ಮಧ್ಯಾಹ್ನ ಪಂಚಾಯ್ತಿ ಕಟ್ಟಡದ ಜಗುಲಿಯಲ್ಲಿ ಮಕ್ಕಳು ಸೇರಿದರು. ಒಬ್ಬ ಅಮ್ಮನ ಹಳೇ ವಿಗ್ಗು ತಂದಿದ್ದ, ಒಬ್ಬಳು ಬೇಸಿನ್ನು, ಇನ್ನೊಬ್ಬ ಮೂಗಿಗೆ ಸಿಕ್ಕಿಸಲು ಟೊಮೇಟೊ. ಪೋನಿಮಾನ್ ಎಲ್ಲವನ್ನೂ ಮೆಟ್ಟಿಲ ಮೇಲೆ ಇರಿಸಿದ.

"ಬೇಸಿನ್ ಬಿದ್ರೆ ಜನ ಬೇಸಿನ್ ನೋಡಿ ನಗ್ತಾರೆ. ಆಮೇಲೆ ಅದನ್ನೇ ಶಾಲೆಗೆ ಸೇರಿಸ್ಬೇಕಾಗುತ್ತೆ. ಬರಿಗೈಲಿ ಬನ್ನಿ."

ಮೊದಲು ಮೂಗನ್ನು ಮುಂದೆ ಬಿಟ್ಟು ನಡೆಯಲು ಹೇಳಿದ, ಆಮೇಲೆ ಹೊಟ್ಟೆಯನ್ನು, ಆಮೇಲೆ ಮಂಡಿಯನ್ನು. ಹೊಟ್ಟೆ ಮುಂದೆ ಹೋದಾಗ ಹುಡುಗರೆಲ್ಲ ತಾವಾಗಿಯೇ ಕಾರ್ಖಾನೆಯ ಮೇಸ್ತ್ರಿಗಳಾದರು. ಮೂಗು ಮುಂದೆ ಹೋದಾಗ ಹುಡುಗಿಯರು ಪಕ್ಕದ ಮನೆಯ ಅಡುಗೆ ವಿಚಾರಿಸುವ ಹೆಂಗಸರಾದರು. ನೋವಾಗದಂತೆ ಬೀಳುವುದನ್ನೂ ಕಲಿಸಿದ: ಮೊದಲು ಮಂಡಿ, ಆಮೇಲೆ ಕುಂಡಿ, ಆಮೇಲೆ ಬೆನ್ನು, ಗದ್ದ ಮಾತ್ರ ಎದೆಗೆ ಅಂಟಿಕೊಂಡೇ ಇರಬೇಕು. ತಾನೇ ನಡೆದು, ಎಡವಿ, ಬಿದ್ದು ತೋರಿಸಿದ. ಜಗುಲಿ ನಗುವಿನಿಂದ ತುಂಬಿತು. ಅವನ ಎದೆಯೂ ತುಂಬಿತು.

ಮುಜಿಯೊ ಎಂಬ ಹುಡುಗ ಮಾತ್ರ ನಗಲಿಲ್ಲ. ಎಲ್ಲದಕ್ಕೂ ಕೊಕ್ಕೆ ಹಾಕುವ ಸ್ವಭಾವ ಅವನದು.

"ಚಾಕ್, ಇದು ಮೋಸ."

"ಏನು ಮೋಸ?"

"ನಮ್ಮ ಸಾಮಾನೆಲ್ಲ ಹೊರಗಿಡ್ಸಿದ್ರಿ. ನಿಮ್ಮ ಸಾಮಾನು ನಿಮ್ಮ ಹತ್ರಾನೇ ಇದೆ. ನಿಮ್ಮ ಕಾಲು."

ಬು ಹರ್ತಾತಿ ಅವನ ಕಿವಿ ಹಿಂಡಲು ಎದ್ದರು. ಪೋನಿಮಾನ್ ಕೈಯಾಡಿಸಿ ತಡೆದ. ಹುಡುಗನ ಮಾತು ಅವನಿಗೆ ನೋಯಲಿಲ್ಲ. ಅಂಗಿಯೊಳಗೆ ಇರುವೆ ಹೊಕ್ಕ ಹಾಗಾಯಿತು. ಒಂದು ಕುರ್ಚಿ ತರಿಸಿ, ಕಾಲುಗಳನ್ನು ಅದರ ಕೆಳಗೆ ಮಡಚಿ ಕೂತ. ಹುಬ್ಬು ಕುಣಿಸಿದ, ಕೆನ್ನೆ ಊದಿಸಿದ, ಮೇಳದಲ್ಲಿ ಹೇಳುತ್ತಿದ್ದ ಅತ್ತೆಯ ಜೋಕು ಹೇಳಿದ. ಮಕ್ಕಳು ಪಾಪ ಮರ್ಯಾದೆಗೆ ಹಲ್ಲು ತೋರಿಸಿದರು. ಅಂಥ ನಗುವನ್ನು ಅವನು ಬಲ್ಲ. ಸರಿಯಾಗಿ ಬೇಯದ ಅನ್ನವನ್ನು ನೆಂಟರು ಚೆನ್ನಾಗಿದೆ ಅನ್ನುವ ಹಾಗಿರುತ್ತದೆ ಅದು.

ಮನೆಗೆ ಬಂದು ಸೋಯಾ ರುಬ್ಬುತ್ತಿದ್ದ ಸುಮಿರಾಳನ್ನು ಕೇಳಿದ, "ನೀನು ಮೊದಲ್ನೇ ಸಲ ನನ್ನ ಆಟ ನೋಡಿದಾಗ ಯಾಕೆ ನಕ್ಕೆ?"

"ಈಗ್ಯಾಕೆ ಅದು?"

"ಹೇಳು. ಕಾಲು ನೋಡಿ ತಾನೆ?"

ಅವಳು ರುಬ್ಬುವುದನ್ನು ನಿಲ್ಲಿಸಿದಳು. "ನಮ್ಮಪ್ಪಾನೂ ಕುಂಟ್ತಾ ಇದ್ರು. ನಾನ್ಯಾಕೆ ಕಾಲು ನೋಡಿ ನಗ್ಲಿ?"

"ಮತ್ತೆ?"

"ಗೊತ್ತಿಲ್ಲಪ್ಪ. ನಗು ಬಂತು, ನಕ್ಕೆ. ಬಂದ ನಗುವಿಗೆಲ್ಲ ಕಾರಣ ಕೇಳ್ತಾ ಕೂತ್ರೆ ಕಡಲೆಕಾಯಿ ಮಾರೋರು ಯಾರು? ಆವಾಗ ನಾನು ಕಡಲೆಕಾಯಿ ಮಾರ್ತಿದ್ದೆ."

ಆ ವಾರವೆಲ್ಲ ಪೋನಿಮಾನ್ ಜನರನ್ನು ಗಮನಿಸಿದ. ಬಾಣಲೆಯ ತಾಹು ಹೊತ್ತುತ್ತಿದ್ದರೂ ಅವನ ಕಣ್ಣು ರಸ್ತೆಯ ಮೇಲೆ. ಕಬ್ಬಿನ ಲಾರಿಯಿಂದ ಜಾರಿ ಬಿದ್ದ ಕೂಲಿಯೊಬ್ಬ ಸೊಂಟ ಹಿಡಿದುಕೊಂಡು ಬೈದ, ಯಾರೂ ನಗಲಿಲ್ಲ. ಗುಮಾಸ್ತನೊಬ್ಬ ಕೆಸರಲ್ಲಿ ಜಾರಿ, ತಾನು ಬೇಕೆಂದೇ ಕೂತೆನೆಂಬಂತೆ ಅಲ್ಲೇ ಕೂತು ಸಿಗರೇಟು ಹಚ್ಚಿದ. ಬೀದಿಗೆ ಬೀದಿಯೇ ನಕ್ಕಿತು. ಬೀಳುವುದು ಒಂದೇ, ನಗು ಬೇರೆ ಬೇರೆ. ಯಾಕೆ?

ಮುಂದಿನ ಶುಕ್ರವಾರ ಮಕ್ಕಳಿಗೆ ಒಂದೇ ಕೆಲಸ ಕೊಟ್ಟ. "ಇವತ್ತು ನನ್ನನ್ನೇ ಆಡಿ ತೋರ್ಸಿ. ಸಂಕೋಚ ಬೇಡ. ಯಾರನ್ನ ನೋಡಿ ನಗು ಬರುತ್ತೋ ಅವರೇ ಗುರು."

ಹುಡುಗರು ಒಬ್ಬೊಬ್ಬರಾಗಿ ಕುಂಟಿದರು. ಮುಜಿಯೊ ಎಲ್ಲರಿಗಿಂತ ಜೋರಾಗಿ, ಇಡೀ ಮೈ ವಾಲಿಸಿ ಕುಂಟಿದ. ಯಾರಿಗೂ ನಗು ಬರಲಿಲ್ಲ. ಒಂದಿಬ್ಬರು ಪೋನಿಮಾನನ ಮುಖ ನೋಡಿ ತಲೆ ತಗ್ಗಿಸಿದರು. ನೋಡಲು ಹಿತವಾಗಿರಲಿಲ್ಲ ಅದು, ಅವನಿಗೂ.

ಕೊನೆಗೆ ಎದ್ದವಳು ವಿಲುಜೆಂಗ್. ಇಟ್ಟಿಗೆ ಗೂಡಿನವರ ಮಗಳು, ಮಾತು ಕಡಿಮೆ. ಅವಳು ಕುಂಟಲೇ ಇಲ್ಲ. ಯಾರೋ ಕರೆದಿದ್ದಾರೆಂಬಂತೆ ಖುಷಿಯಿಂದ ನಾಲ್ಕು ಹೆಜ್ಜೆ ನಡೆದು, ಒಂದಿಷ್ಟೇ ಎಡವಿದಳು. ಬೀಳಲಿಲ್ಲ. ನಿಂತಳು. ಹಿಂತಿರುಗಿ ನೆಲವನ್ನು ನೋಡಿದಳು. ಅಲ್ಲಿ ಮಲಗಿದ್ದ ಯಾರನ್ನೋ ತುಳಿದೆನೇನೋ ಎಂಬಂತೆ ಬಗ್ಗಿ, ಎರಡೂ ಕೈ ಜೋಡಿಸಿ, ತುಟಿಯಲ್ಲೇ ಕ್ಷಮೆ ಕೇಳಿದಳು. ಆಮೇಲೆ ಮೆಲ್ಲಗೆ ತಲೆಯೆತ್ತಿ ಎಲ್ಲರ ಕಡೆ ನೋಡಿದಳು: ನೀವು ನೋಡಲಿಲ್ಲ ಅಲ್ಲವೇ?

ಜಗುಲಿ ಒಡೆದು ಹೋಗುವ ಹಾಗೆ ನಕ್ಕಿತು. ಬು ಹರ್ತಾತಿ ಕಣ್ಣೊರೆಸಿಕೊಂಡರು. "ಅಯ್ಯೋ, ಥೇಟ್ ಚಾಕ್‌ನೇ," ಅಂದರು.

ಪೋನಿಮಾನ್ ಬಾಯಿ ತೆರೆದು ಕೂತಿದ್ದ. "ನಾನು ಹೀಗೆ ಮಾಡ್ತೀನಾ, ನ್ದುಕ್?" ನ್ದುಕ್ ಅಂದರೆ ಮಗಳೇ.

"ಹೂಂ. ಯಾವಾಗ್ಲೂ. ಹೋದ ವಾರ ಕಂಬಕ್ಕೂ ಕೈ ಮುಗಿದ್ರಿ."

"ನಂಗೆ ಗೊತ್ತೇ ಇಲ್ಲ."

"ನಿಮಗೆ ಗೊತ್ತಾಗ್ತಿದ್ರೆ ಅದು ನಿಜ ಅಂತ ಅನ್ನಿಸ್ತಾ ಇರ್ಲಿಲ್ಲ," ಅಂದಳು ಅವಳು. ಆಮೇಲೆ ಅಷ್ಟು ಮಾತಾಡಿದ್ದಕ್ಕೆ ನಾಚಿ ಗೆಳತಿಯ ಬೆನ್ನ ಹಿಂದೆ ಕೂತಳು.

ಅವನು ಮನೆಗೆ ಹೋಗುವಾಗ ಬೇಕೆಂದೇ ಒಂದು ಕಲ್ಲಿಗೆ ಎಡವಿ ನೋಡಿದ. ಕೈಗಳು ತಾವಾಗಿಯೇ ಕೂಡಿಕೊಳ್ಳಲು ಮೇಲೆದ್ದವು. ಅವನು ಅವನ್ನು ಬೇರೆಯವರ ಕೈಗಳೆಂಬಂತೆ ನೋಡುತ್ತ ದಾರಿಯಲ್ಲೇ ನಿಂತ. ಇಷ್ಟು ವರ್ಷ ಊಟ ಹಾಕಿದ್ದು ಮುರಿದ ಕಾಲು ಎಂದು ನಂಬಿ ಅದಕ್ಕೆ ದಿನಾ ಎಣ್ಣೆ ತಿಕ್ಕಿದ್ದನಲ್ಲ! ದುಃಖವೇನೂ ಆಗಲಿಲ್ಲ. ಸ್ವಂತ ಮನೆಯಲ್ಲೇ ತೆರೆಯದ ಕೋಣೆಯೊಂದು ಸಿಕ್ಕಂತಾಗಿತ್ತು.

ಅಲ್ಲಿಂದ ಮುಂದೆ ಪಾಠದ ದಾರಿಯೇ ಬದಲಾಯಿತು. ಬೀಳುವುದಕ್ಕಿಂತ ಬಿದ್ದ ಮೇಲಿನದನ್ನು ಕಲಿಸಿದ. ಎಡವಿದ ಮೇಲೆ ನಿಲ್ಲಿ. ಮೊದಲು ನೆಲ ನೋಡಿ, ಆಮೇಲೆ ಜನರನ್ನು. ಅವಸರ ಮಾಡಬೇಡಿ. ಒಬ್ಬೊಬ್ಬ ಮಗುವಿಗೂ ತನ್ನದೇ ಒಂದು ರೀತಿ ಹೊರಬಿತ್ತು. ಒಬ್ಬಳು ನೆಲಕ್ಕೆ ಬುದ್ಧಿ ಹೇಳಿದಳು. ಒಬ್ಬ ಬಿದ್ದ ಜಾಗದಲ್ಲೇ ನಿದ್ದೆಗೆ ಜಾರಿದ. ಮುಜಿಯೊನಿಗೆ ಮಾತ್ರ ಏನೂ ಹತ್ತಲಿಲ್ಲ. ಅವನು ಎಲ್ಲವನ್ನೂ ಯೋಚಿಸಿಯೇ ಮಾಡುತ್ತಿದ್ದ.

ಕಾರ್ಯಕ್ರಮದ ಸಂಜೆ ಪೋನಿಮಾನ್ ಮೊದಲ ಬಾರಿಗೆ ಜನರ ನಡುವೆ ಕೂತ. ಪಕ್ಕದಲ್ಲಿ ಸುಮಿರಾ. ವಿಲುಜೆಂಗ್ ಬಂದಳು, ಎಡವಿದಳು, ಜನ ನಕ್ಕರು. ಮುಜಿಯೊ ರಂಗದ ನಡುವೆ ಬಂದು ನಿಂತ, ನಿಂತೇ ಇದ್ದ. ಮುಂದೇನೆಂದು ಪೂರ್ತಿ ಮರೆತು ಹೋಗಿತ್ತು ಅವನಿಗೆ. ಕಿವಿ ಕೆಂಪಾಯಿತು. ಪರದೆಯ ಕಡೆ ನೋಡಿದ, ಚಾವಣಿ ನೋಡಿದ, ಅಂಗಿಯ ಗುಂಡಿ ನೋಡಿದ. ಕೊನೆಗೆ ದಾರಿ ಕಾಣದೆ ಜನರ ಕಡೆ ನೋಡಿ ಒಂದು ಉಗುಳು ನುಂಗಿದ. ಹಿಂದಿನ ಸಾಲಿನ ಅಜ್ಜಿಯೊಬ್ಬಳು ಕಿಸಕ್ಕೆಂದಳು. ಅವನು ಗಾಬರಿಯಿಂದ ಅವಳ ಕಡೆ ತಿರುಗಿದ. ಇಡೀ ಸಭೆ ಅಲುಗಾಡತೊಡಗಿತು. ಪೋನಿಮಾನ್ ರಂಗಕ್ಕೆ ಬೆನ್ನು ಮಾಡಿ, ನಗುತ್ತಿದ್ದವರ ಮುಖಗಳನ್ನು ಒಂದೊಂದಾಗಿ ನೋಡತೊಡಗಿದ. ಸುಮಿರಾ ಅವನ ತೋಳು ಎಳೆದು, "ಆಟ ಆ ಕಡೆ ನಡೀತಿದೆ," ಅಂದಳು.

ಎಲ್ಲ ಮುಗಿದ ಮೇಲೆ ಹುಡುಗ ಓಡಿ ಬಂದ. ಮುಖ ಇನ್ನೂ ಬಿಸಿ.

"ಚಾಕ್, ನಾನೇನೂ ಮಾಡ್ಲಿಲ್ಲ. ಎಲ್ಲಾ ಮರ್ತೋಗಿತ್ತು. ಯಾಕೆ ನಕ್ರು?"

"ನಂಗೂ ಗೊತ್ತಾಗ್ಲಿಲ್ಲ ಕಣೋ," ಅಂದ ಪೋನಿಮಾನ್. "ಶುಕ್ರವಾರ ಬಾ. ನೋಡೋಣ."

ರಜೆ ಶುರುವಾಗಿತ್ತು. ಆದರೂ ಆ ಶುಕ್ರವಾರ ಇಬ್ಬರೂ ಜಗುಲಿಗೆ ಬಂದರು.