ಸಾಲ ತೀರೋತನಕ ಸಕ್ಕರೆ ಇಲ್ಲ

ಕಾಕಾ ಚಹಾ ಕುಡಿಯದೆ ಎದ್ದು ಹೋದರು.

ಕಾಕಾ ಅಂದರೆ ನಮ್ಮ ಯಜಮಾನರ ಚಿಕ್ಕಪ್ಪ. ನಮ್ಮ ಸಾಲಕ್ಕೆ ಜಾಮೀನು ನಿಂತವರು. ನಾವು ಕಂತು ತಪ್ಪಿಸಿದ್ದಕ್ಕೆ ಸಾಲ ಕೊಟ್ಟ ಸಹಕಾರಿ ಪತಸಂಸ್ಥೆಯ ನೋಟಿಸು ಮಾಲಗಾಂವದ ಅವರ ಮನೆಗೆ ಹೋಗಿತ್ತು.

ಅವರು ಬೈಯಲಿಲ್ಲ, ಕೂಗಾಡಲಿಲ್ಲ. "ವೈನಿ, ನನ್ನ ಹೆಸರಷ್ಟ ಉಳಸ್ರಿ" ಎಂದು ತಮ್ಮ ಅತ್ತಿಗೆಗೆ, ಅಂದರೆ ನಮ್ಮ ಅತ್ತೆಗೆ ಹೇಳಿ ಚಪ್ಪಲಿ ಮೆಟ್ಟಿಕೊಂಡರು. ಬೈದಿದ್ದರೇ ವಾಸಿಯಿತ್ತು.

ಸಾಂಗ್ಲಿ-ಮಿರಜ ರಸ್ತೆಯಲ್ಲಿ ಒಂದರ ಹಿಂದೊಂದು ಶೋರೂಂ ಏಳುತ್ತಿದ್ದ ಕಾಲ ಅದು. ಈಗ ಒಯ್ಯಿರಿ, ಆಮೇಲೆ ಕೊಡಿ ಅಂತ ಎಲ್ಲೆಲ್ಲೂ ಬೋರ್ಡು. ಸಾಂಗ್ಲಿಯ ಅರಿಶಿಣ ಪೇಟೆಯಲ್ಲಿ ಗುಮಾಸ್ತರಾಗಿದ್ದ ನಮ್ಮವರಿಗೂ ಹುಚ್ಚು ಹಿಡಿಯಿತು. ಪತಸಂಸ್ಥೆಯಲ್ಲಿ ಸಾಲ ತೆಗೆದು ಕಲರ್ ಟಿವಿ, ಸೋಫಾ, ಮತ್ತೆ ನನ್ನಷ್ಟೇ ಎತ್ತರದ ಒಂದು ಫ್ರಿಜ್ ತಂದರು.

ಆ ಫ್ರಿಜ್ ನೆನೆದರೆ ಈಗಲೂ ನಗು ಬರುತ್ತದೆ...

ನಾವು ಜೈನರು. ಹೊತ್ತು ಮುಳುಗುವ ಮುಂಚೆ ಊಟ, ಪಾತ್ರೆ ಖಾಲಿ. ರಾತ್ರಿ ದಾಟಿದ ಅನ್ನವನ್ನು ನಮ್ಮ ಅತ್ತೆ ಮುಟ್ಟುವುದಿಲ್ಲ, ಮುಟ್ಟಲು ಬಿಡುವುದೂ ಇಲ್ಲ. ಅಂಥ ಮನೆಗೆ ಸಾಲ ಮಾಡಿ ಫ್ರಿಜ್! ಒಳಗೆ ಒಂದಿಷ್ಟು ಕೊತ್ತಂಬರಿ, ಒಂದು ಹಾಲಿನ ಪಾತ್ರೆ. ಉಳಿದದ್ದೆಲ್ಲ ತಣ್ಣನೆಯ ಗಾಳಿ.

ಕಾಕಾ ಬಿಟ್ಟುಹೋದ ಕಪ್ಪನ್ನು ಅತ್ತೆ ತಾವೇ ಎತ್ತಿ ಒಳಗಿಟ್ಟರು. ಚಾತುರ್ಮಾಸದಲ್ಲಿ ಉಪ್ಪನ್ನೋ ತುಪ್ಪವನ್ನೋ ಬಿಡುವ ಪದ್ಧತಿ ನಮ್ಮಲ್ಲಿ ಇದ್ದದ್ದೇ. ಆದರೆ ಅದು ಚಾತುರ್ಮಾಸವಲ್ಲ.

"ಸಾಲ ತೀರೋತನಕ ನಾ ಸಕ್ರಿ, ಬೆಲ್ಲ ಮುಟ್ಟೂದಿಲ್ಲ" ಎಂದರು.

"ಅವ್ವಾ, ಇಂಥಾದ್ದಕ್ಕೆಲ್ಲಾ ದೇವರ ಮುಂದ ನೇಮಾ ಮಾಡತಾರೇನ?" ಅಂತ ನಮ್ಮವರು.

"ದೇವರಿಗ್ಯಾಕ ತ್ರಾಸ ಕೊಡ್ಲಿ? ಸಾಲಾ ಮಾಡಿದಾಂವ ನೀ. ನಿನ್ನ ಮುಂದ ಮಾಡೇನಿ."

ಅತ್ತೆಗೆ ಸಿಹಿ ಎಂದರೆ ಜೀವ. ಚಹಾಕ್ಕೆ ಅವರು ಹಾಕಿಕೊಳ್ಳುತ್ತಿದ್ದ ಸಕ್ಕರೆ ನೋಡಿದರೆ ನಮ್ಮ ಹಲ್ಲು ಜುಮ್ ಅನ್ನುತ್ತಿತ್ತು. ಮರುದಿನ ಬೆಳಿಗ್ಗೆ ಅದೇ ಅತ್ತೆ ಸಪ್ಪೆ ಚಹಾವನ್ನು ಕಷಾಯದಂತೆ ಮುಖ ಕಿವುಚಿಕೊಂಡು ನುಂಗಿದರು. ಎದುರಿಗೆ ಕೂತ ನಮ್ಮವರು ತಮ್ಮ ಚಹಾ ಅರ್ಧಕ್ಕೇ ಬಿಟ್ಟು ಎದ್ದರು.

ಅಂದಿನಿಂದ ಮನೆಯ ನಡೆಯೇ ಬದಲಾಯಿತು.

ಕೇಬಲ್ ಕಟ್. ನಮ್ಮವರ ಸ್ಕೂಟರ್ ಗೋಣಿ ಹೊದ್ದು ಮೂಲೆ ಸೇರಿತು, ಮಿರಜಿನಿಂದ ಸಾಂಗ್ಲಿಗೆ ಸೈಕಲ್ ಶುರುವಾಯಿತು. ಬೇಳೆ, ಅನ್ನ, ಪಲ್ಯ ಒಂದೇ ಕುಕ್ಕರಿನಲ್ಲಿ ಒಂದರ ಮೇಲೊಂದು. ಮಕ್ಕಳ ಹಳೇ ವಹಿಗಳಲ್ಲಿ ಉಳಿದ ಬಿಳಿ ಹಾಳೆ ಕಿತ್ತು ಅತ್ತೆ ದಬ್ಬಣದಿಂದ ಹೊಲಿದು ಹೊಸ ವಹಿ ಮಾಡಿದರು.

ನನ್ನ ಕಪಾಟಿನಲ್ಲಿ ಖಣದ ರಾಶಿಯೇ ಇತ್ತು. ಅರಿಶಿಣ ಕುಂಕುಮಕ್ಕೆ, ಮದುವೆಗೆ ಹೋದಲ್ಲೆಲ್ಲ ಕೊಟ್ಟ ಕುಪ್ಪಸದ ಬಟ್ಟೆಗಳು. ಅವನ್ನೇ ಜೋಡಿಸಿ ಮಗಳಿಗೆ ಫ್ರಾಕ್ ಹೊಲಿದೆ. ಶಾಲೆಯ ಇತರ ತಾಯಂದಿರು ಯಾವ ಅಂಗಡಿಯದು ಅಂತ ಕೇಳತೊಡಗಿದರು. ನಾನೇ ಅಂಗಡಿ ಅಂದೆ! ಆ ದೀಪಾವಳಿಗೆ ಅವರ ಮಕ್ಕಳಿಗೆ ಹೊಲಿದುಕೊಟ್ಟ ಹಣದಿಂದಲೇ ಕಂತು ಹೋಯಿತು.

ಇಷ್ಟೆಲ್ಲ ಮಾಡಿದರೂ ಅಸಲು ಆಮೆಯ ಹಾಗೆ ಇಳಿಯುತ್ತಿತ್ತು. ಅತ್ತೆ ಒಣಗುತ್ತಿದ್ದರು. ಹಬ್ಬಕ್ಕೆ ನಾನು ಹೋಳಿಗೆ ಮಾಡುವುದನ್ನೇ ಬಿಟ್ಟೆ, ಅವರ ಎದುರು ತಿನ್ನುವುದು ಹೇಗೆ?

ಆಗ ಮಿರಜಿನ ಆಸ್ಪತ್ರೆ ಹತ್ತಿರದ ಔಷಧದಂಗಡಿಯವರು ಇಂಜೆಕ್ಷನ್ ಇಡಲು ಹಳೇ ಫ್ರಿಜ್ ಹುಡುಕುತ್ತಿದ್ದಾರೆ ಅಂತ ಸುದ್ದಿ ಬಂತು. ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಮಗನ ಮುಖ ನೋಡಿದರು.

"ಮಂದಿ ಏನಂತಾರ?" ಅಂದರು ನಮ್ಮವರು.

"ಮಂದಿ ಬಂದು ಕಂತ ಕಟ್ಟತಾರೇನ?" ಅಂದರು ಅತ್ತೆ.

ಹಾಡಹಗಲೇ ಫ್ರಿಜ್ ಕೈಯಿಂದ ತಳ್ಳುವ ಹಾತಗಾಡಿ ಏರಿತು. ನಮ್ಮವರು ಹಿತ್ತಲಲ್ಲಿ ಸೈಕಲ್ ಒರೆಸುತ್ತ ನಿಂತುಬಿಟ್ಟರು. ಅತ್ತೆ ಮಾತ್ರ ಸೆರಗು ಹೊದ್ದು ಗಾಡಿಯ ಮುಂದೆ ಓಣಿಯ ತುದಿಯವರೆಗೆ ನಡೆದರು. ಪಕ್ಕದ ಮನೆಯ ಮಾವಶಿ ಬಾಗಿಲಿಗೆ ಬಂದು, "ಕೆಟ್ಟತೇನ್ರಿ ಫ್ರಿಜ್?" ಅಂತ ಕೇಳಿದರು.

"ಇಲ್ರಿ, ಛಲೋ ಐತಿ. ಸಾಲ ತೀರಸಾಕ ಮಾರೇವಿ" ಎಂದು ಇಡೀ ಓಣಿಗೆ ಕೇಳುವಂತೆ ಅಂದರು ಅತ್ತೆ.

ನಾಚಿಕೆಯಾಗುತ್ತದೆ ಅಂದುಕೊಂಡಿದ್ದೆ. ಇಲ್ಲ... ಎದೆ ಉಬ್ಬಿತು.

ಆ ಹಣ ಸೇರಿಸಿ ಉಳಿದ ಸಾಲವನ್ನೆಲ್ಲ ಒಂದೇ ಸಲ ಕಟ್ಟಲು ಪತಸಂಸ್ಥೆಗೆ ಹೋದೆವು. ಮೊದಲೆಲ್ಲ ತಲೆಯೆತ್ತಿ ನೋಡದ ಮ್ಯಾನೇಜರ್ ಆ ದಿನ "ಬಸಾ, ಬಸಾ" ಅಂತ ಮರಾಠಿಯಲ್ಲಿ ಉಪಚರಿಸುತ್ತ ಕುರ್ಚಿ ಎಳೆದು ಕೂರಿಸುತ್ತಾನೆ. ರಸೀದಿಗೆ ಠಸ್ಸೆ ಒತ್ತುತ್ತಾನೆ. ಅದರ ಜೊತೆಗೇ ಒಂದು ಹೊಸ ಫಾರ್ಮು ಮುಂದಿಡುತ್ತಾನೆ.

"ಈಗ ನಿಮಗ ಇದರ ಡಬಲ್ ಕೊಡತೇವ್ರಿ. ಒಂದ ಮೋಟರ್‌ಸೈಕಲ್ ತಗೋರಿ."

ಮೋಟರ್‌ಸೈಕಲ್ ಅಂದರೆ ನಮ್ಮವರಿಗೆ ಪಂಚಪ್ರಾಣ. ಫಾರ್ಮನ್ನು ಒಮ್ಮೆ ಓದಿದರು. ಮತ್ತೊಮ್ಮೆ ಓದಿದರು. ನಾನು ಮೇಜಿನ ಕೆಳಗಿಂದ ಕಾಲು ತುಳಿಯಲು ತಯಾರಾಗಿದ್ದೆ.

ಅವರು ಫಾರ್ಮನ್ನು ಮೆಲ್ಲಗೆ ಅತ್ತ ಸರಿಸಿ ಎದ್ದು ನಿಂತರು.

"ಬ್ಯಾಡ್ರಿ ಸಾಹೇಬ್ರ. ಮನ್ಯಾಗ ನಮ್ಮವ್ವ ಚಹಾ ಕುಡಿಯಾಕ ಕಾಯಾಕತ್ತಾಳ."

ದಾರಿಯಲ್ಲಿ ಪೇಢೆ ಕೊಂಡೆವು, ನಗದು ಕೊಟ್ಟು!

ನಿಮ್ಮ ಮನೆಯ ಸಾಲ ತೀರಲಿ ಅಂತ ಹೀಗೆ ಬಾಯಿ ಕಟ್ಟಿದವರು ಯಾರು, ಹೇಳ್ತೀರಾ?