ಕರೆಂಟು ಹೋದ ದಿನಗಳು

ತೊಂಬತ್ತರ ದಶಕದ ಆರಂಭದಲ್ಲಿ ಕಾಶಿಯಲ್ಲಿ ಸಂಶೋಧನೆ ಮಾಡುತ್ತಿದ್ದಾಗ ನಾನು ಬಾಯಿ ಬಿಟ್ಟರೆ ವಿದ್ಯುತ್ ಇಲಾಖೆಯನ್ನು ಬೈಯುತ್ತಿದ್ದೆ. ಶುದ್ಧೀಕರಿಸಿದ ಚರಂಡಿ ನೀರಿನಲ್ಲಿ ಉಳಿಯುವ ಸಾರಜನಕವನ್ನು ತೆಗೆಯುವುದು ನನ್ನ ಕೆಲಸ. ಗಾಜಿನ ಕೊಳವೆಗೆ ಜಲ್ಲಿ ತುಂಬಿ, ಅದರ ಮೇಲೆ ಬ್ಯಾಕ್ಟೀರಿಯಾದ ಲೋಳೆ ಬೆಳೆಸಿ, ಪಂಪಿನಿಂದ ಗಾಳಿ ಊದುತ್ತಾ ಆ ನೀರು ಹರಿಸುತ್ತಿದ್ದೆ. ಲೋಳೆ ಅಮೋನಿಯವನ್ನು ನೈಟ್ರೇಟ್ ಮಾಡುತ್ತಿತ್ತು, ಆದರೆ ಸಾರಜನಕ ಆ ನೈಟ್ರೇಟಿನ ರೂಪದಲ್ಲಿ ನೀರಿನಲ್ಲೇ ಉಳಿಯುತ್ತಿತ್ತು. ಕರೆಂಟು ಹೋಗಿ ಪಂಪು ನಿಂತ ದಿನಗಳಲ್ಲಿ ಮಾತ್ರ ನೈಟ್ರೇಟಿನ ಪ್ರಮಾಣ ಇಳಿದಿರುತ್ತಿತ್ತು.

ನನ್ನ ಗೈಡ್ ನೋಟ್‌ಬುಕ್ ನೋಡಿ ಮುಖ ಸಿಂಡರಿಸಿದರು. "ಕರೆಂಟಿಲ್ಲದ ದಿನದ ರೀಡಿಂಗ್ ನಂಬೋ ಹಾಗಿಲ್ಲ. ಹೊಡೆದುಹಾಕು" ಎಂದು ಹಿಂದಿಯಲ್ಲಿ ಹೇಳಿದರು.

ಶಿವಾಲಾ ಘಾಟಿನ ಬಳಿ ನಾನು ಉಳಿದುಕೊಂಡಿದ್ದ ದೊಡ್ಡಮ್ಮನ ಮನೆಯಲ್ಲಿ ಊಟಕ್ಕೆ ಕೂತು ಇದನ್ನೇ ಹೇಳಿ ಕೂಗಾಡಿದೆ. ಯಾತ್ರಿಕರಿಗೆ ಅಡುಗೆ ಮಾಡಿ ಹಾಕಿಯೇ ಕೂದಲು ನರೆತಿದ್ದ ದೊಡ್ಡಮ್ಮ ಸಾರು ಬಡಿಸುತ್ತಾ ಕೇಳಿದರು, "ಅಲ್ವೋ, ಗಾಳಿ ನಿಂತಾಗಲೇ ನೀರು ಸರಿಹೋಗತ್ತೆ ಅಂತೀಯ. ಹಾಗಿದ್ರೆ ಬಿಜ್ಲಿ ಇದ್ದಾಗ್ಲೂ ಆಗಾಗ ನೀನೇ ಪಂಪು ಆರಿಸಬಾರ್ದಾ?"

"ನಿಮಗೆ ಇದೆಲ್ಲ ತಿಳಿಯಲ್ಲ, ಸುಮ್ನಿರಿ ದೊಡ್ಡಮ್ಮ" ಎಂದು ರೇಗಿದೆ.

ಕೆಲವು ವರ್ಷಗಳ ನಂತರ ಒಂದು ಸಮ್ಮೇಳನದಲ್ಲಿ ಬೇರೊಬ್ಬರು, ಗಾಳಿಯನ್ನು ಬಿಟ್ಟು ಬಿಟ್ಟು ಊದಿದರೆ ನೈಟ್ರೇಟ್ ಅನಿಲವಾಗಿ ಹಾರಿಹೋಗುತ್ತದೆ ಎಂದು ತೋರಿಸಿದರು. ಸಭೆ ಚಪ್ಪಾಳೆ ತಟ್ಟಿತು. ಮನೆಗೆ ಬಂದು ಹಳೆಯ ನೋಟ್‌ಬುಕ್ ತೆರೆದೆ. ಗೈಡ್ ಮೇಲಿನ ಸಿಟ್ಟು ಇವತ್ತಿಗೂ ಆರಿಲ್ಲ. ಆದರೆ ಅವರು ಬಾಯಲ್ಲಿ ಹೇಳಿದ್ದರು, ಅಷ್ಟೇ. ಸ್ಕೇಲಿಟ್ಟು, ಒಂದು ದಿನವನ್ನೂ ಬಿಡದೆ ಆ ರೀಡಿಂಗುಗಳ ಮೇಲೆ ಗೆರೆ ಎಳೆದವನು ನಾನು.